ನಿಲಂಗದ ಭಾವನ ಘೋಡಾ

ಅಕ್ಕನ ಕಾಗದದಲ್ಲಿ ಇದ್ದದ್ದು ನಾಲ್ಕೇ ಸಾಲು. "ತಮ್ಮಾ, ಇವರ ಘೋಡಾ ಭಾಳ ತ್ರಾಸ ಕೊಡ್ಲತ್ತದ. ತುದಿ ಚೂಪ ಇದ್ದದ್ದಕ್ಕ ಹೊತ್ತಿಗೆ ಸರಿಯಾಗಿ ಸಿಕ್ಕೊಂಡು ನಿಲ್ತದ. ನಿನ್ನ ಕಾನಸ ತಗೊಂಡು ಬಂದು ನುಣ್ಣಗ ಮಾಡಿ ಕೊಡಬೇಕಂತ. ಬ್ಯಾರೆಯವರ ಕೈಯಾಗ ಕೊಡಾಂಗಿಲ್ಲಂತ."

ನಾನು ಆಗ ಧಾರವಾಡದ ಜಾನುವಾರು ದವಾಖಾನೆಯಲ್ಲಿ ಕಂಪೌಂಡರ್. ಘೋಡಾ ಅಂದರೆ ಕುದುರೆ, ಅಷ್ಟು ನನಗೆ ಗೊತ್ತಿತ್ತು. ಕುದುರೆಯ ದವಡೆ ಹಲ್ಲು ವಯಸ್ಸಾದಂತೆ ಅಂಚಿನಲ್ಲಿ ಚೂಪಾಗುತ್ತದೆ, ಕೆನ್ನೆಯ ಒಳಗೆ ಗಾಯ ಮಾಡುತ್ತದೆ, ಲಗಾಮು ಎಳೆದಾಗ ನೋವಾಗಿ ಪ್ರಾಣಿ ನಡುದಾರಿಯಲ್ಲಿ ನಿಂತುಬಿಡುತ್ತದೆ. ಅದಕ್ಕೆ ಮೊಳದುದ್ದದ ಕಾನಸ, ಅಂದರೆ ಅರ, ಒಳಗೆ ಹಾಕಿ ಹಲ್ಲು ತೀಡಬೇಕು. ಆ ಕೆಲಸದಲ್ಲಿ ನನ್ನ ಕೈ ಒಳ್ಳೆಯದು ಎಂದು ನಾನೇ ಹೇಳಿಕೊಂಡರೆ ತಪ್ಪಿಲ್ಲ, ಯಾಕೆಂದರೆ ಬೇರೆ ಯಾರೂ ಹೇಳುತ್ತಿರಲಿಲ್ಲ. ಭಾವ ಕುದುರೆ ಕೊಂಡ ಸುದ್ದಿ ಅಕ್ಕ ಮೊದಲೇ ತಿಳಿಸಲಿಲ್ಲವಲ್ಲ ಎಂದು ಸ್ವಲ್ಪ ಸಿಟ್ಟು ಬಂತು. ಹತ್ತು ದಿನ ರಜೆ ಹಾಕಿ, ಕಾನಸವನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ಹೊರಟೆ.

ಉಮರ್ಗಾ, ನಿಲಂಗಾ, ಉದಗೀರ ಎಲ್ಲ ಈಗ ಮಹಾರಾಷ್ಟ್ರದಲ್ಲಿವೆ. ನಾನು ಹೋದಾಗ ಆ ನಿಜಾಮನ ಸೀಮೆಯಲ್ಲಿ ಪೊಲೀಸ್ ಆಕ್ಷನ್ ಆಗಿ ಎರಡು ವರ್ಷ ಕಳೆದಿತ್ತಷ್ಟೆ. ಮುಂಬೈ ಪ್ರಾಂತದವರಾದ ನಮಗೆ ಅದು ಪರದೇಶವೇ. ಸೋಲಾಪುರ ದಾಟಿದರೆ ನಾಣ್ಯ ಬೇರೆ, ಬೋರ್ಡಿನ ಮೇಲಿನ ಅಕ್ಷರ ಬೇರೆ, ನಡುವೆ ಸುಂಕದ ನಾಕಾ ಬೇರೆ. ಅಕ್ಕನೂ ಭಾವನವರೂ ಈಗ ಇಲ್ಲ. ಅವರು ಇರುವತನಕ ಇದನ್ನು ಬರೆಯುವ ಹಾಗಿರಲಿಲ್ಲ.

ಕರೋಡಗಿರಿ ನಾಕಾ

ನಳದುರ್ಗ ಇನ್ನೂ ದೂರ ಇರುವಾಗಲೇ ಬಸ್ಸು ನಿಂತಿತು. ಕರೋಡಗಿರಿ ಅಂದರೆ ಸುಂಕದವರು. ಎಲ್ಲರ ಗಂಟೂ ಕೆಳಗಿಳಿಯಿತು. ನನ್ನ ಚೀಲದಿಂದ ಕಾನಸ ಹೊರಬಂದಾಗ ಗುಮಾಸ್ತ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದ.

"ಇದೇನ್ರಿ?"

"ಕುದುರಿ ಹಲ್ಲು ತೀಡೂದು."

"ಕುದುರಿ ಹಲ್ಲು ಯಾರು ತೀಡ್ತಾರ? ಖರೇ ಹೇಳ್ರಿ. ಈಟುದ್ದ ಕಾನಸ ಜೇಲಿನ ಗಜ ಕೊಯ್ಯಾಕ ಬೇಕಾಗ್ತದ."

ಮಾತಿನಲ್ಲಿ ತಿಳಿಸಿದರೆ ತಿಳಿಯುವ ಆಸಾಮಿಯಲ್ಲ ಎಂದು ಗೊತ್ತಾಯಿತು. ನಾಕಾದ ಸಿಪಾಯಿಯ ಟಾಂಗಾ ಕುದುರೆ ಬೇವಿನ ನೆರಳಲ್ಲಿ ಜೊಲ್ಲು ಸುರಿಸುತ್ತ ನಿಂತಿತ್ತು. ಅದರ ಬಾಯಿ ತೆಗೆದು ತೋರಿಸಿದೆ. ಬಲಗಡೆಯ ಕೊನೆಯ ಹಲ್ಲು ಕೊಕ್ಕೆಯ ಹಾಗೆ ಬೆಳೆದಿತ್ತು. ನಮ್ಮ ಬಸ್ಸಿನ ಡ್ರೈವರನೇ ಬಂದು ಕುದುರೆಯ ತಲೆ ಹಿಡಿದ. ಒಬ್ಬ ಮುದುಕಿ ನಾಲಿಗೆ ಹಿಡಿಯುತ್ತೇನೆ ಎಂದು ಮುಂದೆ ಬಂದಳು, ಹಿಡಿದಳು ಕೂಡ. ನಾನು ಕೆಲಸ ಮುಗಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಬಸ್ಸಿನಲ್ಲಿದ್ದವರೆಲ್ಲ ಸುತ್ತ ಕುಕ್ಕರಗಾಲಲ್ಲಿ ಕೂತು ನೋಡಿದರು. ನಮ್ಮ ಧಾರವಾಡದ ಬಸ್ಸಾಗಿದ್ದರೆ ನನ್ನನ್ನೂ ಕುದುರೆಯನ್ನೂ ಅಲ್ಲೇ ಬಿಟ್ಟು ಹೋಗಿರುತ್ತಿತ್ತು. ಇಲ್ಲಿ ಡ್ರೈವರ್ ಮತ್ತೆ ಹತ್ತುವ ಮುಂಚೆ ತನ್ನ ಹಲ್ಲನ್ನೂ ನನಗೆ ತೋರಿಸಿದ.

ಗುಮಾಸ್ತ ಕಾನಸವನ್ನು ಧೋತರದಲ್ಲಿ ತಾನೇ ಸುತ್ತಿಕೊಟ್ಟ. ನನಗೆ ಹೆಮ್ಮೆ ಹತ್ತಿತು. ಆ ಹೆಮ್ಮೆ ಉಮರ್ಗಾದವರೆಗೆ ಉಳಿಯಿತು.

ಉಮರ್ಗಾ

ಉಮರ್ಗಾದಲ್ಲಿ ನಿಲಂಗದ ಬಸ್ಸಿಗೆ ಕಾಯಬೇಕಿತ್ತು. ಚಹಾದಂಗಡಿಯಲ್ಲಿ ಕೂತೆ. ಅಲ್ಲಿಯ ರೀತಿಯೆಂದರೆ, ಚಹಾ ತರಿಸಿದವನು ಅರ್ಧ ಬಸಿಗೆ ಸುರಿದು ಮಗ್ಗುಲಲ್ಲಿ ಕೂತವನ ಮುಂದೆ ತಳ್ಳುತ್ತಾನೆ. ಪರಿಚಯ ಇರಲೇಬೇಕೆಂದಿಲ್ಲ. ಕಪ್ಪಿನಲ್ಲಿ ಉಳಿದದ್ದು ತನಗೆ. ಹಾಗೆ ನನ್ನ ಮುಂದೆ ಬಸಿ ತಳ್ಳಿದವನು ಪೊಲೀಸ್ ಜಮಾದಾರ. ದಪ್ಪ ಮೀಸೆಯ, ನಿಧಾನ ಮಾತಿನ ಮನುಷ್ಯ. ಹೊಸಬರು ಬಂದರೆ ವಿಚಾರಿಸಬೇಕೆಂದು ಆಗ ಅವರಿಗೆ ಹುಕುಂ ಇತ್ತಂತೆ.

"ಕುಠಲೇ ಪಾವ್ಹಣೆ? ಯಾ ಊರವ್ರು?"

ಹೇಳಿದೆ.

"ನಿಲಂಗಾಕ ಏನ್ ಕೆಲ್ಸ?"

"ನಮ್ಮ ಅಕ್ಕನ ಮನಿ ಅದ. ಶರಣಪ್ಪ ಪಾಟೀಲ ಅಂತ, ಅಕ್ಕನ ಗಂಡ, ನಮ್ಮ ಮಾಮಾ. ಅವರ ಘೋಡಾದ ತುದಿ ಚೂಪ ಆಗೇದಂತ. ಕಾನಸ ಹಾಕಿ ಕೊಡಾಕ ಹೊಂಟೀನಿ."

ಜಮಾದಾರ ಕಪ್ಪು ಕೆಳಗಿಟ್ಟ. "ಘೋಡಾಕ ಲೈಸನ್ ಅದೇನು?"

ನಾನು ತಬ್ಬಿಬ್ಬಾದೆ. "ನಿಮ್ಮ ರಾಜ್ಯದಾಗ ಘೋಡಾಕೂ ಲೈಸನ್ ಬೇಕೇನ್ರಿ?"

"ಬ್ಯಾಡೇನು ಮತ್ತ? ಲೈಸನ್ ಇಲ್ಲದ ಘೋಡಾ ಮನ್ಯಾಗ ಸಿಕ್ರ ಸೀದಾ ಒಳಗ ಹಾಕ್ತೀವಿ. ಎಟ್ ಮಂದೀನ ಹಾಕೀವಿ."

"ಮತ್ತ ಊರಾಗ ಅಡ್ಡಾಡಸೂದು ಹ್ಯಾಂಗ?"

"ಅಡ್ಡಾಡ್ಬೇಕಂದ್ರ ಜೇಬಿನ್ಯಾಗ ಇಟ್ಕೊಂಡು ಅಡ್ಡಾಡ್ಬೇಕು. ಮಂದಿಗಿ ಕಾಣ್ಬಾರ್ದು."

ಈ ಮನುಷ್ಯ ನನ್ನನ್ನು ಹಳ್ಳಿ ಗಮಾರ ಎಂದು ತಿಳಿದು ಆಡಿಸುತ್ತಿದ್ದಾನೆ ಎಂದುಕೊಂಡೆ. ನನಗೆ ಸಿಟ್ಟು ಬೇಗ ಬರುತ್ತದೆ. "ಕುದುರೀನ ಜೇಬಿನ್ಯಾಗ ಇಟ್ಕೋಳಾಕ ನಿಮ್ಮ ಮಂದಿ ಎಂಥಾ ಅಂಗಿ ಹೊಲಸ್ತಾರೋ ನನಗ ಗೊತ್ತಿಲ್ಲ" ಎಂದು ಜೋರಾಗಿಯೇ ಹೇಳಿ, ಬಸಿಯ ಚಹಾ ಹಾಗೇ ಬಿಟ್ಟು ಎದ್ದೆ. ಜಮಾದಾರ ಬಾಯಿ ತೆರೆದುಕೊಂಡು ನನ್ನನ್ನು ನೋಡಿದ. ಅಂಗಡಿಯಲ್ಲಿ ಯಾರೂ ನಗಲಿಲ್ಲ. ಅದು ನನಗೆ ಇನ್ನೂ ವಿಚಿತ್ರವೆನಿಸಿತು. ನಿಲಂಗದವರೆಗೂ ಬಸ್ಸಿನಲ್ಲಿ ಆ ರಾಜ್ಯದ ಕಾನೂನನ್ನು ಮನಸ್ಸಿನಲ್ಲೇ ಬೈಯುತ್ತ ಕೂತೆ.

ನಿಲಂಗಾ

ಅಕ್ಕನ ಹೆಸರು ನೀಲವ್ವ. ಮಠದ ಸ್ವಾಮಿಗಳು ಕೂಡಿಸಿದ ಸಂಬಂಧವಾದ್ದರಿಂದ ಧಾರವಾಡದ ಹುಡುಗಿ ಅಷ್ಟು ದೂರ ಹೋದಳು. ಹತ್ತು ವರ್ಷದಲ್ಲಿ ಅವಳ ಮಾತು ಪೂರ್ತಿ ಆ ಕಡೆಯದಾಗಿತ್ತು. ಮನೆಯಲ್ಲಿ ಕನ್ನಡ, ಬಾಜಾರದಲ್ಲಿ ಮರಾಠಿ, ಕಚೇರಿಯ ಮಾತು ಬಂದರೆ ಉರ್ದು, ಕೆಲವೊಮ್ಮೆ ಮೂರೂ ಒಂದೇ ಉಸಿರಿನಲ್ಲಿ. ಕೈಕಾಲು ತೊಳೆದುಕೊಂಡ ತಕ್ಷಣ ನಾನು ದನದ ಕೊಟ್ಟಿಗೆಗೆ ಹೋಗಿ ನೋಡಿದೆ. ನಾಲ್ಕು ಎತ್ತು, ಒಂದು ಎಮ್ಮೆ.

"ಕುದುರಿ ಎಲ್ಲೈತಿ ಅಕ್ಕಾ?"

"ಯಾ ಕುದುರಿ?"

ನಾನು ಕಾಗದ ತೆಗೆದು ತೋರಿಸಿದೆ. ಅಷ್ಟರಲ್ಲಿ ಭಾವ ಶರಣಪ್ಪನವರು ಹೊರಗೆ ಬಂದರು. ಬೇಸಿಗೆ ಸುರುವಾಗಿತ್ತು, ಆದರೂ ದಪ್ಪ ಕೋಟು ಹಾಕಿಕೊಂಡಿದ್ದರು. ಬಲಗಡೆಯ ಜೇಬು ಹರಿದು ಮತ್ತೆ ಹೊಲಿದಿತ್ತು. ಅದರೊಳಗೆ ಕೈ ಹಾಕಿ ಒಂದು ಸಣ್ಣ ರಿವಾಲ್ವರ್ ತೆಗೆದು ಕಂಬಳಿಯ ಮೇಲೆ ಇಟ್ಟರು. ಗಿಡ್ಡ ನಳಿಗೆ, ಅಂಗೈಯಷ್ಟು ಉದ್ದ. ಹಿಂದುಗಡೆ ಹೆಬ್ಬೆರಳಿನಿಂದ ಎಳೆಯಲು ಕೊಕ್ಕೆಯಂತೆ ಚಾಚಿದ ಒಂದು ತುಂಡು ಇತ್ತು. ಅದನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

"ಇದಕ್ಕ ಘೋಡಾ ಅಂತಾರ, ಚನ್ನಬಸಪ್ಪಾ, ಇಡೀ ಹತ್ಯಾರಕ್ಕೂ ಹಂಗೇ ಅಂತಾರ. ಇದು ಹಿಂದ ಹೋಗಿ ಮುಂದ ಬಡದ್ರೇ ಗುಂಡ ಹಾರ್ತದ. ನೀ ಏನ್ ತಿಳ್ದಿದಿ?"

ನಾನು ಧೋತರ ಬಿಚ್ಚಿ ಕುದುರೆ ಹಲ್ಲಿನ ಕಾನಸ ಅದರ ಪಕ್ಕಕ್ಕೆ ಇಟ್ಟೆ. ಅಕ್ಕ ಮೊದಲು ಬಾಯಿಗೆ ಸೆರಗು ಹಿಡಿದಳು, ಆಮೇಲೆ ಕಂಬಕ್ಕೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಉಮರ್ಗಾದ ಜಮಾದಾರನಿಗೆ ಅಂದ ಮಾತು ನೆನಪಾಗಿ ನನ್ನ ಕಿವಿ ಬಿಸಿಯಾಯಿತು. ಲೈಸನ್ಸು, ಜೇಬು, ಒಳಗೆ ಹಾಕುವುದು, ಎಲ್ಲ ಆತ ಸರಿಯಾಗಿಯೇ ಹೇಳಿದ್ದ. ಭಾವ ಮಾತ್ರ ನಗಲಿಲ್ಲ. ರಿವಾಲ್ವರನ್ನು ಮತ್ತೆ ಜೇಬಿಗೆ ಹಾಕುವಾಗ ಘೋಡಾದ ಕೊಕ್ಕೆ ಹೊಲಿಗೆಗೆ ಸಿಕ್ಕಿತು. ಬಿಡಿಸಿಕೊಳ್ಳಲು ಎರಡು ಸಲ ಎಳೆಯಬೇಕಾಯಿತು.

"ನೋಡ್ದಿ? ಇದೇ ತ್ರಾಸ" ಎಂದರು.

ಆ ಎರಡು ದಿನ ಅವರನ್ನು ನೋಡುತ್ತ ಹೋದೆ. ಗೋಡೆಗೆ ಬೆನ್ನು ಕೊಡದೆ ಕೂಡುತ್ತಿರಲಿಲ್ಲ. ಲಿಂಗಪೂಜೆಗೆ ಕೂತಾಗಲೂ ಅದು ಮಣೆಯ ಮಗ್ಗುಲಲ್ಲಿ, ವಿಭೂತಿ ಕರಡಿಗೆಯ ಪಕ್ಕ. ಊಟದ ನಡುವೆ ಯಾರಾದರೂ ಹಿಂದಿನಿಂದ ಕರೆದರೆ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಗಡಬಡಿಯ ವರ್ಷ, ಅಂದರೆ ಪೊಲೀಸ್ ಆಕ್ಷನ್ನಿನ ಗಲಭೆಯಲ್ಲಿ, ಅವರ ಅಣ್ಣನನ್ನು ಹಾಡಹಗಲು ಹೊಲದಲ್ಲಿ ಹಿಂದಿನಿಂದ ಹೆಸರು ಹಿಡಿದು ಕರೆದು, ತಿರುಗಿದ ಕೂಡಲೇ ಗುಂಡು ಹಾಕಿದ್ದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಆಮೇಲೆ ಸರ್ಕಾರ ಪಾಟೀಲಕಿಯ ಕಾರಣಕ್ಕೆ ಇವರಿಗೆ ರಿವಾಲ್ವರಿನ ಪರವಾನಗಿ ಕೊಟ್ಟಿತು. ನನಗೆ ಗೊತ್ತಿದ್ದ ಭಾವ ಮದುವೆಮನೆಯಲ್ಲಿ ಭಜನೆಗೆ ತಾಳ ಹಿಡಿದು ಬೆಳಗಿನವರೆಗೆ ಕೂಡುತ್ತಿದ್ದ ಮನುಷ್ಯ. ಇವರು ಅವರೇ ಎಂದು ನಂಬಲು ನನಗೆ ಕಷ್ಟವಾಯಿತು.

ಎರಡನೆಯ ದಿನ ಮಧ್ಯಾಹ್ನ, ಭಾವ ಮಲಗಿದ್ದಾಗ, ಅಕ್ಕ ಎಮ್ಮೆಗೆ ನೀರು ಕುಡಿಸುತ್ತ ನನ್ನನ್ನು ಕರೆದಳು.

"ಆ ಕಾಗದ ಅವರು ಹೇಳಿದ್ದು ಬರದೀನಿ. ನಂದೇ ಮಾತ್ ಬ್ಯಾರೆ ಅದ."

"ಏನು?"

"ಮಾಳಪ್ಪಗ ನೀ ನೋಡೀದಿ. ಕುರಿಯಾಂವಾ. ಬೀರಪ್ಪನ ಭಕ್ತ, ಇರಿವಿ ತುಳಿದ್ರೂ ಹಿಂದ ಸರೀತಾನ. ವರ್ಷಾ ಗೊಬ್ಬರಕ್ಕಂತ ನಮ್ಮ ಹೊಲದಾಗ ಕುರಿ ಹಟ್ಟಿ ಹಾಕ್ತಾನ. ಎಲ್ಡ್ ತಿಂಗಳ ಹಿಂದ ಹಟ್ಟಿ ಕೇಳಾಕ ಬಂದು ಹಿಂದಿಂದ 'ಪಾಟೀಲ್ರ' ಅಂದಾನ. ಇವರು ತೆಗೀಲಾಕ ಹೋದ್ರು. ಜೇಬಿಗಿ ಸಿಕ್ಕೊಂತು. ಅಟ್ರಾಗ ಮಾರಿ ಗುರ್ತ ಸಿಕ್ತು. ಆ ಘೋಡಾ ಸಿಕ್ಕೊಂಡಿದ್ದಕ್ಕ ಅಂವಾ ಬದಕ್ಯಾನ, ತಮ್ಮಾ. ಈಗ ಅದನ್ನೇ ನುಣ್ಣಗ ಮಾಡಂತ ನಿನಗ ಕರಸ್ಯಾರ."

ಎಮ್ಮೆ ನೀರು ಮುಗಿಸಿತ್ತು. ಅವಳು ಬಕೀಟು ಹಾಗೇ ಹಿಡಿದುಕೊಂಡಿದ್ದಳು.

"ಕಚೇರಿಗಿ ಕೊಟ್ಟುಬಿಡ್ರಿ ಅಂದ್ರ ಕೊಡಾಂಗಿಲ್ಲ ಅವರು. ಬಿಡಸ್ಕೊಂಡ್ರ ಮನೀ ಹೊರಗೇ ಹೋಗಾಂಗಿಲ್ಲ. ನೀ ನುಣ್ಣಗ ಮಾಡು, ಅವರ ಜೇಬಿನ್ಯಾಗೇ ಇರ್ಲಿ. ಆದ್ರ ಅದು ಹಾರಬಾರ್ದು. ಹಂಗ ಮಾಡಾಕ ಬರ್ತದೇನು?"

ನನಗೆ ಗೊತ್ತಿಲ್ಲ ಎಂದೆ. ಗೊತ್ತಿರಲೂ ಇಲ್ಲ. ಅಂದು ಸಂಜೆ ಭಾವನ ಎದುರಿಗೆ ಕಾನಸ ಹಚ್ಚಿದೆ. ಕುದುರೆಯ ಹಲ್ಲು ಕಚ್ಚುವ ಕಾನಸ ಆ ಉಕ್ಕಿನ ಮೇಲೆ ಜಾರಿಹೋಯಿತು, ಒಂದು ಗೀರೂ ಬೀಳಲಿಲ್ಲ. ನನ್ನ ಹೆಬ್ಬೆರಳಿನ ಚರ್ಮ ಮಾತ್ರ ಹೋಯಿತು. ಭಾವ ಅದನ್ನು ಜೇಬಿಗೆ ಹಾಕಿಕೊಂಡು, "ಉದಗೀರಾಗ ಒಬ್ಬಾಂವಾ ಉಸ್ತಾದ ಇದ್ದಾನ. ಮುಸಲ್ಮಾನ. ಅಂವನ್ನ ಬಿಟ್ರ ಈ ಸೀಮ್ಯಾಗ ಯಾರಿಗೂ ಬರಾಂಗಿಲ್ಲ" ಎಂದರು. ಗಡಬಡಿಯಾದಾಗಿನಿಂದ ಅವನ ಹತ್ತಿರ ಹೋಗಿರಲಿಲ್ಲ, ಹೋಗಬಾರದೆಂದೇ ಧಾರವಾಡದಿಂದ ನನ್ನನ್ನು ಕರೆಸಿದ್ದರು.

ಉದಗೀರ

ರಿವಾಲ್ವರ್ ಜೇಬಿನಲ್ಲಿರುವವನ ಜೊತೆ ಬಸ್ಸಿನಲ್ಲಿ ಹೋಗುವುದು ಏನೆಂದು ಅಂದು ತಿಳಿಯಿತು. ಭಾವ ಯಾರಿಗೂ ತೋರಿಸಲಿಲ್ಲ, ಆದರೂ ಎಲ್ಲರಿಗೂ ಗೊತ್ತಿತ್ತು. ಕೋಟಿನ ಬಲಗಡೆ ಕೆಳಗೆ ಜಗ್ಗಿತ್ತು. ಬಸ್ಸು ತುಂಬಿ ಜನ ಒಬ್ಬರ ಮೇಲೊಬ್ಬರು ನಿಂತಿದ್ದರೂ ನಮ್ಮ ಬಲಕ್ಕೆ ಇಬ್ಬರು ಕೂಡುವಷ್ಟು ಜಾಗ ಖಾಲಿ ಇತ್ತು. ನಾನು ಎಡಕ್ಕೆ ಕೂತಿದ್ದೆ, ಬೇಕೆಂದೇ. ತಗ್ಗಿನಲ್ಲಿ ಚಕ್ರ ಬಿದ್ದಾಗಲೆಲ್ಲ ನನ್ನ ಕಣ್ಣು ಆ ಜೇಬಿನ ಕಡೆ ಹೋಗುತ್ತಿತ್ತು. ಪ್ರಯಾಣದ ಸೊಗಸು ಏನಾದರೂ ಇದ್ದರೆ ನಾನು ನೋಡಲಿಲ್ಲ. ಉದಗೀರದ ಕೋಟೆ ದೊಡ್ಡದು ಎನ್ನುತ್ತಾರೆ. ನಾನು ನೋಡಿದ್ದು ಅದರ ಕೆಳಗಿನ ಒಂದು ಗಲ್ಲಿ ಮಾತ್ರ.

ಉಸ್ತಾದ ಖಾದರಸಾಬ ಅರವತ್ತು ದಾಟಿದ ಸಣ್ಣ ಆಳು. ಮೊದಲು ಜಾಗೀರದಾರರ ಶಿಕಾರಿ ಬಂದೂಕುಗಳೆಲ್ಲ ಅವನ ಕೈಯಲ್ಲೇ ತಯಾರಾಗುತ್ತಿದ್ದವಂತೆ. ಈಗ ಬಂದೂಕುಗಳನ್ನು ಸರ್ಕಾರ ಜಮಾ ಮಾಡಿಕೊಂಡಿತ್ತು. ಅವನು ಸ್ಟೋವು, ಬೀಗ, ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಅಂಗಡಿಯ ಗೋಡೆ ಒಂದು ಕಡೆ ಸುಟ್ಟು ಕಪ್ಪಾಗಿತ್ತು, ಬಾಗಿಲು ಮಾತ್ರ ಹೊಸದು. ಅದನ್ನು ಯಾರು ಸುಟ್ಟರೆಂದು ಭಾವನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಪರವಾನಗಿಯ ಕಾಗದವನ್ನು ಎರಡು ಸಲ ಓದಿ, ಗುಂಡುಗಳನ್ನು ತೆಗೆದು ಭಾವನ ಕೈಗೇ ಕೊಟ್ಟ.

"ಜೇಬಿನ್ಯಾಗ ಸಿಕ್ಕೋತದ, ಅಲ್ರಿ? ಘೋಡಾದ ಕೊಂಬ ತೆಗೀಬೇಕು, ಕೆಳಗಿನ ಕೀಲು ಬೆರಳಿಂದ ಎಳದ್ರ ಅದು ತಾನೇ ಬಡೀತದ. ದಸ್ತಾ, ಅಂದ್ರ ಈ ಹಿಡಿಕೀನೂ, ನಿಮ್ಮ ಕೈಗಿ ದೊಡ್ದದ. ಕೈ ತರ್ರಿ."

ಅವನ ಅಳತೆಯ ರೀತಿ ನಾನು ಬೇರೆಲ್ಲೂ ನೋಡಿಲ್ಲ. ಒಳಗಿನಿಂದ ಹಿಟ್ಟಿನ ಕಣಕ ತರಿಸಿದ, ಚಪಾತಿಗೆ ನಾದುವಂಥದೇ, ಸ್ವಲ್ಪ ಗಟ್ಟಿ. ಅದನ್ನು ಉದ್ದಕ್ಕೆ ಹೊಸೆದು ಭಾವನ ಬಲಗೈಯಲ್ಲಿ ಇಟ್ಟು, ರಿವಾಲ್ವರ್ ಹಿಡಿದ ಹಾಗೆ ಹಿಡಿಯಿರಿ ಎಂದ. ಹತ್ತು ಎಣಿಸುವವರೆಗೆ ಹಿಡಿಸಿ, ಬಿಡಿಸಿ ನೋಡಿದ. ಬೆರಳು ಮೂಡಿದ ಕಡೆ ಒಂದೊಂದು ಗೆರೆ ಇರಬೇಕಿತ್ತು. ಬೆರಳು ನಿಂತಲ್ಲಿ ನಿಲ್ಲದೆ, ನಾಲ್ಕೈದು ಗೆರೆ ಒಂದರ ಮೇಲೊಂದು ಬಿದ್ದಿದ್ದವು. ಉಸ್ತಾದ ಅದನ್ನು ನನಗೆ ತೋರಿಸಿದ, ಭಾವನಿಗೆ ತೋರಿಸಲಿಲ್ಲ.

"ನೀವು ಹೊರಗ ಗಾಳಿಗಿ ಕುಂದರ್ರಿ ಪಾಟೀಲ್ರ. ಬೆಂಕಿ ಮುಂದ ಸೆಕಿ ಆಗ್ತದ."

ಭಾವ ಎದುರಿನ ಕಟ್ಟೆಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತರು. ಉಸ್ತಾದ ಘೋಡಾವನ್ನು ಬಿಡಿಸಿ, ಕಾಯಿಸಿ ಮೆತ್ತಗೆ ಮಾಡಿ, ಸಣ್ಣ ಗರಗಸದಿಂದ ಕೊಂಬು ಕೊಯ್ದ. ಕಟ್ಟಿಗೆಯ ಹಿಡಿಕೆ ಸವೆಸುವ ಕೆಲಸ ನನಗೆ ಕೊಟ್ಟ. ಕುದುರೆ ಹಲ್ಲಿನ ಕಾನಸ ಅದಕ್ಕೆ ಚೆನ್ನಾಗಿ ಕಚ್ಚಿತು. ಧಾರವಾಡದಿಂದ ಹೊತ್ತು ತಂದದ್ದಕ್ಕೆ ಇಷ್ಟಾದರೂ ಆಯಿತಲ್ಲ ಎನಿಸಿತು. ಕೆಲಸ ಮಾಡುತ್ತಲೇ ಅಕ್ಕ ಹೇಳಿದ್ದನ್ನೆಲ್ಲ ತಗ್ಗಿದ ದನಿಯಲ್ಲಿ ಅವನಿಗೆ ಹೇಳಿದೆ. ಮಾಳಪ್ಪನ ವಿಷಯವನ್ನೂ.

ಉಸ್ತಾದ ಘೋಡಾವನ್ನು ಅಂಗೈಯಲ್ಲಿ ಇಟ್ಟು ತಿರುಗಿಸಿದ. ಮುಂದಿನ ಬದಿಯಲ್ಲಿ ಒಂದು ಸಣ್ಣ ಮೊನೆ ಇತ್ತು, ಜೋಳದ ಕಾಳಿನ ಮೂತಿಯಷ್ಟು.

"ಇದಕ್ಕ ನಾವು ಹಲ್ಲು ಅಂತೀವಿ. ಇದು ತೋಟಾದ ಬುಡಕ್ಕ ಕಚ್ಚಿದ್ರೇ ಗುಂಡ ಹಾರ್ತದ. ಇದು ಸಣ್ಣ ಆತಂದ್ರ ಬರೇ ಸದ್ದ ಬರ್ತದ."

ಅಂದರೆ ನಾನು ಬಂದದ್ದು ಘೋಡಾದ ಹಲ್ಲು ತೀಡುವುದಕ್ಕೇ. ನಗು ಬರಬೇಕಿತ್ತು, ಬರಲಿಲ್ಲ.

"ಹಂಗಾರ ತೀಡಿ ಕೊಡ್ರಿ ಉಸ್ತಾದ."

"ನಾ ತೀಡಾಂಗಿಲ್ಲ." ದನಿ ಏರಿಸದೆ ಹೇಳಿದ. "ನಾಳಿ ಈ ಮನ್ಶಾಗ ಖರೇನೇ ಯಾರರ ಹೊಡಿಲಾಕ ಬಂದ್ರು ಅಂತ ತಿಳೀರಿ. ಇದು ಹಾರಲಿಲ್ಲಂದ್ರ ಉದಗೀರದ ಸಾಬ ಪಾಟೀಲನ ಹತ್ಯಾರ ಕೆಡಿಸ್ದ ಅಂತಾರ. ಆಗ ಈ ಗೋಡಿ ಒಂದೇ ಅಲ್ಲ, ಇಡೀ ಗಲ್ಲಿ ಸುಡ್ತದ. ನೀವು ಮಾಡಿದ್ರ, ಅಕ್ಕನ ಸಲುವಾಗಿ ಮಾಡ್ದ ಅಂತಾರ. ಕಾನಸ ಕೊಡ್ತೀನಿ. ಕೈ ನಿಮ್ದೇ ಇರ್ಲಿ."

ಬೆರಳಿನಷ್ಟು ಉದ್ದದ ಸಣ್ಣ ಕಾನಸವೊಂದನ್ನು ನನ್ನ ಮುಂದಿಟ್ಟು, ಬೆನ್ನು ತಿರುಗಿಸಿ ಒಂದು ಸ್ಟೋವಿಗೆ ಗಾಳಿ ಹೊಡೆಯಲು ಕೂತ.

ನನಗೆ ಹೆದರಿಕೆಯಾಯಿತು. ಅವನು ಹೇಳಿದ್ದು ಸುಳ್ಳಲ್ಲ. ಭಾವನ ಅಣ್ಣನನ್ನು ಕೊಂದವರು ಎಲ್ಲೋ ಬದುಕಿರಬಹುದು. ಅವರು ಬಂದು, ಭಾವ ಇದನ್ನು ನಂಬಿ ತೆಗೆದರೆ, ಅಕ್ಕನ ಕುಂಕುಮ ಅಳಿಸಿದವನು ನಾನೇ. ಇದನ್ನು ಹಾಗೇ ಬಿಟ್ಟರೆ ಮಾಳಪ್ಪ. ಆ ಕೊಂದವರು ಬರಬಹುದು, ಬರದೆಯೂ ಇರಬಹುದು. ಮಾಳಪ್ಪ ಬಂದೇ ಬರುತ್ತಾನೆ, ಹಟ್ಟಿ ಹಾಕುವ ಕಾಲ ಇದು. ಹೊರಗೆ ನೋಡಿದೆ. ಭಾವ ಕಟ್ಟೆಯ ಮೇಲೆ ಕೂತು, ಗಲ್ಲಿಯಲ್ಲಿ ಹೋಗುತ್ತಿದ್ದ ಒಬ್ಬೊಬ್ಬರ ಕೈಯನ್ನೂ ನೋಡುತ್ತಿದ್ದರು, ಮುಖ ಅಲ್ಲ.

ಏಳು ಸಲ ತೀಡಿದೆ. ಹೊರಗೆ ಕಾಣುವ ಹಾಗೇನೂ ಬದಲಾಗಲಿಲ್ಲ. ಉಸ್ತಾದ ತಿರುಗಿ, ಘೋಡಾವನ್ನು ನೋಡದೆಯೇ ತೆಗೆದುಕೊಂಡು ಮತ್ತೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ ಕೂಡಿಸಿದ. ಭಾವ ಒಳಗೆ ಬಂದು ಹಿಡಿದು ನೋಡಿದರು. ಹಿಡಿಕೆ ಅವರ ಮುಷ್ಟಿಯಲ್ಲಿ ಸರಿಯಾಗಿ ಕೂತಿತು. ಜೇಬಿಗೆ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಎಲ್ಲೂ ಸಿಕ್ಕಲಿಲ್ಲ. ಬಂದಾಗಿನಿಂದ ಮೊದಲ ಸಲ ಅವರ ಮುಖದಲ್ಲಿ ನಗು ಕಂಡೆ.

"ಒಂದ್ ಗುಂಡ ಹಾರ್ಸಿ ನೋಡಬೇಕಾಗಿತ್ತಲ್ಲ."

"ಊರಾಗ ಇಜಾಜತ್ ಇಲ್ಲರಿ" ಎಂದ ಉಸ್ತಾದ.

ಮತ್ತೆ ನಿಲಂಗಾ

"ಹಲ್ಲ ತೀಡೀನಿ" ಎಂದಷ್ಟೇ ಅಕ್ಕನಿಗೆ ಹೇಳಿದೆ. ಅವಳಿಗೆ ತಿಳಿಯಿತು. ನನ್ನ ಕೈ ಹಿಡಿದು ಒಮ್ಮೆ ಒತ್ತಿ ಒಲೆಯ ಕಡೆ ಹೋದಳು. ಮರುದಿನ ಅವಳು ಊರ ಹೆಂಗಸರ ಜೊತೆ ಬಾವಿಗೆ ಹೋಗಿ ಬಹಳ ಹೊತ್ತಾದರೂ ಬರಲಿಲ್ಲ. ಎರಡು ತಿಂಗಳಿಂದ ಗಂಡನೊಬ್ಬನನ್ನೇ ಮನೆಯಲ್ಲಿ ಬಿಟ್ಟು ಅವಳು ಅಷ್ಟು ಹೊತ್ತು ಎಲ್ಲೂ ನಿಂತಿರಲಿಲ್ಲವಂತೆ.

ಭಾವನಲ್ಲೂ ಹುರುಪು ಬಂದಿತ್ತು. ಉದಗೀರದಿಂದ ಬಂದ ಮೂರನೆಯ ದಿನ ಬೆಳಿಗ್ಗೆ, "ನಡಿ, ಹೊಲ ನೋಡಿ ಬರೂಣ" ಎಂದರು. ಜೋಳ ಕೊಯ್ದು ಆಗಿತ್ತು. ಕಣಿಕೆಯ ಬಣವೆಗಳು ಎರಡಾಳು ಎತ್ತರ ನಿಂತಿದ್ದವು. ಆ ಎರಿ ಮಣ್ಣು ನಮ್ಮ ಧಾರವಾಡದ ಮಣ್ಣಿನಂತೆಯೇ ಕಪ್ಪು, ಬಿರುಕು ಮಾತ್ರ ಇನ್ನೂ ಅಗಲ. ಕಾಲು ನೋಡಿಕೊಂಡು ನಡೆಯಬೇಕು. ಭಾವ ಮುಂದೆ, ನಾನು ಎರಡು ಮಾರು ಪಕ್ಕಕ್ಕೆ. ಈ ಸಲ ಯಾವ ಬೀಜ ಹಾಕಬೇಕೆಂದು ಹೇಳುತ್ತ ಹೋಗುತ್ತಿದ್ದರು.

ಬಣವೆಯ ಹಿಂದಿನಿಂದ ಮಾಳಪ್ಪ ಬಂದ. ಕುರಿಗಳ ಜೊತೆ ಇರುವವರ ನಡಿಗೆಗೆ ಸದ್ದಿರುವುದಿಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

"ಪಾಟೀಲ್ರ" ಎಂದ.

ಭಾವ ತಿರುಗಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ರಿವಾಲ್ವರ್ ಹೊರಗೆ ಬಂತು. ಎಲ್ಲೂ ಸಿಕ್ಕಲಿಲ್ಲ, ನಾವು ಅಷ್ಟು ಚೆನ್ನಾಗಿ ಮಾಡಿದ್ದೆವು. ಟಕ್ ಎಂದು ಒಂದು ಸದ್ದು ನನಗೆ ಕೇಳಿಸಿತು. ಬೀಗ ತೆರೆದ ಸದ್ದಿನಷ್ಟು, ಅದಕ್ಕಿಂತ ಹೆಚ್ಚಲ್ಲ.

ಮಾಳಪ್ಪ ನಿಂತಲ್ಲೇ ನಿಂತಿದ್ದ. ಆಮೇಲೆ ಕೋಲನ್ನು ನೆಲಕ್ಕೆ ಊರಿ ಕೇಳಿದ. "ಹಟ್ಟಿ ಎಂದ ಹಾಕ್ಲಿರಿ? ಎರಿ ಹೊಲ್ದಾಗ ಹಾಕ್ಲೋ, ಆ ಕಡಿ ಕೆಂಪ ಮಸಾರಿದ್ರಾಗೋ?"

ಭಾವ ರಿವಾಲ್ವರನ್ನು ಕೆಳಗಿಳಿಸಿದರು. "ಎರ್ಯಾಗ ಹಾಕು."

"ಎಷ್ಟ ದಿನ?"

"ನಿನಗ ತಿಳದಟ್ ದಿನ ಹಾಕು."

ಮಾಳಪ್ಪ ತಲೆಯಾಡಿಸಿ ತನ್ನ ಕುರಿಗಳ ಕಡೆ ಹೋದ. ಅವನಿಗೆ ಏನೂ ತಿಳಿಯಲಿಲ್ಲ, ಬಿಸಿಲು ಕಣ್ಣಿಗೆ ಬಡಿಯುತ್ತಿತ್ತು ಎಂದುಕೊಂಡೆ. ಭಾವ ಬದುವಿನ ಮೇಲೆ ಕೂತರು. ಗುಂಡಿನ ಚರಕಿ ಬಿಚ್ಚಿ ಒಂದನ್ನು ತೆಗೆದು ಅದರ ಬುಡ ನೋಡಿದರು. ಅಲ್ಲಿ ಚುಕ್ಕೆಯೂ ಬಿದ್ದಿರಲಿಲ್ಲ. ಆಮೇಲೆ ಘೋಡಾ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನೂ ಕೂತೆ. ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ. ಎದ್ದು, ಮಣ್ಣು ಕೊಡವಿಕೊಂಡು ಮನೆಯ ಕಡೆ ನಡೆದರು. ಅಂದು ಊಟಕ್ಕೆ ಕೂತಾಗ ಅಕ್ಕ ಎರಡು ಸಲ ಬಡಿಸಲು ಬಂದರೂ ಅವಳ ಮುಖ ನೋಡಲಿಲ್ಲ.

ಮತ್ತೆ ಉಮರ್ಗಾ

ರಜೆ ಮುಗಿಯಿತು. ಉಮರ್ಗಾದವರೆಗೆ ತಾನೇ ಬರುತ್ತೇನೆ ಎಂದು ಭಾವ ಹೊರಟರು. ಕೋಟು ಹಾಕಿರಲಿಲ್ಲ, ಬರಿ ಅಂಗಿ, ಮೇಲೆ ಒಂದು ಶಲ್ಯ. ಬಸ್ಸಿನಲ್ಲಿ ನಮ್ಮ ಎರಡೂ ಕಡೆ ಜನ ಒತ್ತಿಕೊಂಡು ಕೂತರು. ಒಬ್ಬ ಹೆಂಗಸು ತನ್ನ ಕೋಳಿಯನ್ನು ಭಾವನ ತೊಡೆಯ ಮೇಲೆಯೇ ಇಟ್ಟಳು. ಅವರು ಅದನ್ನು ಇಳಿಯುವವರೆಗೆ ಹಿಡಿದುಕೊಂಡಿದ್ದರು.

ಸೋಲಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟ್ಯಾಂಡಿನ ಪಕ್ಕ ನಿಂತೆವು. ಅವರು ಆ ಮಾತು ಎತ್ತುವುದಿಲ್ಲವೆಂದು ತಿಳಿದಿದ್ದೆ.

"ಹಲ್ಲ ತೀಡ್ದಾಂವ ನೀನೋ, ಉಸ್ತಾದನೋ?"

"ನಾನೇ, ಮಾಮಾ."

"ಹೇಳ್ದಾಕಿ ನಿಮ್ಮಕ್ಕ."

ನಾನು ಚೀಲದ ಬಾಯಿ ಕಟ್ಟಿದೆ.

"ಆಕಿಗಿ ಅದು ಹಾರಾಂಗಿಲ್ಲ ಅಂತ ಗೊತ್ತದ. ಇರ್ಲಿ. ನಾ ಎಳ್ದೆ ಅಂತ ಮಾತ್ರ ಹೇಳಬ್ಯಾಡ. ಎಂದೂ ಹೇಳಬ್ಯಾಡ. ಅದನ್ನ ನಾ ಕಚೇರ್ಯಾಗ ಜಮಾ ಮಾಡ್ತೀನಿ."

ಹೇಳುವುದಿಲ್ಲ ಎಂದೆ. ಅಕ್ಕ ತೀರಿಕೊಳ್ಳುವವರೆಗೆ ಹೇಳಲಿಲ್ಲ.

"ಮಾಳಪ್ಪಗ ನಾನೇ ಹೇಳೀನಿ" ಎಂದರು ಭಾವ. "ನಿನ್ನಿ ಹಟ್ಟಿಗಿ ಹೋಗಿದ್ದೆ. ಅಂವ ಕುರಿಗಿ ನೀರ್ ಹಾಕ್ಲತಿದ್ದ. ಅವತ್ತ ನಾ ನಿನಗ ಹೊಡದಿದ್ದೆ ಮಾಳಪ್ಪಾ, ಅದು ಹಾರಲಿಲ್ಲ, ಅಂದೆ."

"ಏನಂದ?"

"ಕಂಡಿತ್ತು ಪಾಟೀಲ್ರ ಅಂದ. ಮತ್ತ ಯಾಕ ಓಡಲಿಲ್ಲಲೇ ಅಂತ ಕೇಳ್ದೆ. ಓಡಿದ್ರ ನೀವು ಎಲ್ಡನೇ ಸಲ ಎಳೀತಿದ್ರಿ, ಅದಕ್ಕೇ ಹಟ್ಟಿ ಮಾತ್ ತೆಗ್ದೆ ಅಂದ."

ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಭಾವ ನನ್ನ ಚೀಲ ಮೇಲೆತ್ತಿ ಕೊಟ್ಟು, ಕಿಟಕಿಯ ಸರಳು ಹಿಡಿದುಕೊಂಡು ನಿಂತರು.

"ಎಳೀತಿದ್ದೆ, ಚನ್ನಬಸಪ್ಪಾ" ಎಂದರು. "ಬೆರಳ ಅಲ್ಲೇ ಇತ್ತು."